ಹನ್ನೆರಡು ಅಂಕಣದ ಮನೆ

ನಮ್ಮ ಹಾರನಹಳ್ಳಿಯಲ್ಲಿ ಮನೆಯನ್ನು ಚದರಡಿಯಲ್ಲಿ ಅಳೆಯುವ ರೂಢಿ ಬಂದದ್ದು ಈಚೆಗೆ. 1983ರಲ್ಲಿ ನನ್ನನ್ನು ಈ ಊರಿಗೆ ಕೊಡುವ ಮಾತು ನಡೆದಾಗ ನಮ್ಮಪ್ಪ ಕೇಳಿದ್ದು "ಎಷ್ಟಂಕಣದ ಮನೆ?" ಎಂದು. "ಹನ್ನೆರಡು" ಎಂದರು ಮಧ್ಯಸ್ಥರು. ಅಷ್ಟರಿಂದಲೇ ಮನೆತನದ ಗಾತ್ರ, ಕಣಜದ ರಾಗಿ, ಕೊಟ್ಟಿಗೆಯ ದನ, ಬಂದುಹೋಗುವ ನೆಂಟರು ಎಲ್ಲವೂ ಅಪ್ಪನಿಗೆ ಅರ್ಥವಾಗಿತ್ತು. ಎರಡು ಕಂಬಗಳ ನಡುವೆ, ಒಂದು ತೊಲೆಯಿಂದ ಇನ್ನೊಂದು ತೊಲೆಯವರೆಗೆ ಇರುವ ಜಾಗಕ್ಕೆ ಅಂಕಣವೆಂದು ಹೆಸರು. ಪತ್ರಿಕೆಯ ಪುಟದಲ್ಲಿ ಗೆರೆ ಎಳೆದು ಒಬ್ಬ ಬರಹಗಾರನಿಗೆ ಬಿಟ್ಟುಕೊಡುವ ಜಾಗಕ್ಕೂ ಅದೇ ಹೆಸರು. ಎರಡರಲ್ಲೂ ಜಾಗ ಮೊದಲೇ ಗೊತ್ತಾಗಿರುತ್ತದೆ. ಅದನ್ನು ಯಾರಿಗೆ ಕೊಡುತ್ತೇವೆ, ಯಾವುದಕ್ಕೆ ಬಳಸುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಈ ಸರಳ ಸಂಗತಿ ನನಗೆ ತಿಳಿಯಲು ಈ ಮನೆಯಲ್ಲಿ ಮೂವತ್ತೇಳು ವರ್ಷ ಬೇಕಾಯಿತು.

2020ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಮಗ, ಸೊಸೆ, ಇಬ್ಬರು ಮಕ್ಕಳು ಬಂದರು. ಕೊರೊನಾ ಕಾಲದಲ್ಲಿ ಎಷ್ಟೋ ಹಳ್ಳಿಮನೆಗಳಿಗೆ ಹೀಗೆ ಜೀವ ಮರಳಿತು. ಮಗ, ಸೊಸೆ ಇಬ್ಬರದೂ ಲ್ಯಾಪ್‌ಟಾಪಿನ ಮುಂದೆ ಕೂರುವ ಕೆಲಸ. ಒಬ್ಬರು ಪಡಸಾಲೆಯಲ್ಲಿ ಕೂತು ಮೀಟಿಂಗಿನಲ್ಲಿ ಮಾತಾಡಿದರೆ ಇನ್ನೊಬ್ಬರ ಮಾತು ಅದರಲ್ಲಿ ಕೇಳುತ್ತಿತ್ತು. ಮಕ್ಕಳಿಗೆ ಮೊಬೈಲಿನಲ್ಲಿ ಪಾಠ. ಅದೇ ಹೊತ್ತಿಗೆ ಎಂಬತ್ತನಾಲ್ಕು ದಾಟಿದ ಅತ್ತೆಗೆ ಮಂಡಿನೋವು ಹೆಚ್ಚಿ, ರಾತ್ರಿ ಎದ್ದು ತೊಟ್ಟಿ ದಾಟಿ, ಎರಡು ಹೊಸ್ತಿಲು ಹತ್ತಿಳಿದು ಹಿತ್ತಲ ಬಚ್ಚಲಿಗೆ ಹೋಗುವುದು ಕಷ್ಟವಾಗಿತ್ತು. ಒಂದು ರಾತ್ರಿ ತೊಟ್ಟಿಯ ಅಂಚಿನಲ್ಲಿ ಜಾರಿ ಕೂತರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಾರನೆಯ ಬೆಳಿಗ್ಗೆ ನಮ್ಮ ಯಜಮಾನರು, "ಇನ್ನು ತಡಮಾಡೋದು ಬೇಡ, ಎರಡು ರೂಮು ಎಬ್ಬಿಸಿಬಿಡೋಣ" ಎಂದರು.

ಲಾಕ್‌ಡೌನ್ ಸಡಿಲವಾದ ಮೇಲೆ ಕಟ್ಟಡದ ಕಂಟ್ರಾಕ್ಟರೊಬ್ಬರು ಬಂದು ನೋಡಿದರು. ನಮ್ಮದು ಎರಡಡಿ ದಪ್ಪದ ಮಣ್ಣಿನ ಗೋಡೆಯ ಮನೆ. ಅದರ ಮೇಲೆ ಆರ್‌ಸಿಸಿ ತಾರಸಿ ಹೇರಲಾಗದು. ಹಾಗಾಗಿ ಅವರು ಎರಡು ದಾರಿ ಹೇಳಿದರು. ತೊಟ್ಟಿಯ ನಾಲ್ಕು ಮೂಲೆಗೆ ಕಾಂಕ್ರೀಟ್ ಪಿಲ್ಲರ್ ಎಬ್ಬಿಸಿ, ತೊಟ್ಟಿಯ ಬಾಯಿ ಮುಚ್ಚಿ, ಅದರ ಮೇಲೆ ರೂಮು ಹಾಕುವುದು ಒಂದು. ಹಿತ್ತಲಲ್ಲಿ ಎರಡು ತೆಂಗು, ಒಂದು ನುಗ್ಗೆ, ಮಲ್ಲಿಗೆ ಚಪ್ಪರ ತೆಗೆದು 500 ಚದರಡಿ ಹೊಸದಾಗಿ ಕಟ್ಟುವುದು ಇನ್ನೊಂದು. ಖರ್ಚು ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಅವರು ಹೇಳಿದ್ದರಲ್ಲಿ ಮೋಸವೇನೂ ಇರಲಿಲ್ಲ. ಜಾಗ ಸಾಲದು ಎಂದು ಕರೆದವರಿಗೆ ಜಾಗ ಕಟ್ಟಿಕೊಡುವುದು ಅವರ ಕಸುಬು. ಆದರೆ ತೊಟ್ಟಿಯ ಬಾಯಿ ಮುಚ್ಚುವ ಮಾತು ಕೇಳಿದಾಗ ಅತ್ತೆ ಆಕಾಶ ನೋಡುತ್ತಾ ಕೂತುಬಿಟ್ಟರು. ಆ ತೊಟ್ಟಿಯಲ್ಲಿ ಬೀಳುವ ಬಿಸಿಲ ಚೌಕ ಯಾವ ಕಂಬದ ಬುಡಕ್ಕೆ ಬಂದರೆ ಅನ್ನಕ್ಕೆ ಇಡಬೇಕು ಎಂಬುದು ಅವರ ಅರವತ್ತು ವರ್ಷದ ಗಡಿಯಾರ.

ಅದೇ ವಾರ ನನ್ನ ತಮ್ಮನ ಮಗಳು ಬಂದಳು. ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದವಳು, ಕಾಲೇಜು ಮುಚ್ಚಿದ್ದರಿಂದ ಊರಲ್ಲಿದ್ದಳು. ಅವಳು ಪ್ಲಾನು ಬರೆಯಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಎರಡು ದಿನ ಸುಮ್ಮನೆ ಮನೆಯಲ್ಲಿ ಓಡಾಡಿದಳು. ಯಾರು ಎಷ್ಟು ಹೊತ್ತಿಗೆ ಎಲ್ಲಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ, ಯಾವ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಬರೆದುಕೊಂಡಳು. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಎಲ್ಲರದ್ದೂ ಬರ್ಕೊಂಡೆ. ನೀವು ಎಲ್ಲಿ ಕೂರ್ತೀರಿ?" ಎಂದು ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಶಾಲೆಯಲ್ಲಿ ನನ್ನದೊಂದು ಕುರ್ಚಿ ಇತ್ತು, ಮೇಜಿನ ಖಾನೆ ಇತ್ತು. ಹನ್ನೆರಡು ಅಂಕಣದ ಈ ಮನೆಯಲ್ಲಿ ಉತ್ತರಪತ್ರಿಕೆ ತಿದ್ದಿದ್ದು ಅಡುಗೆಮನೆಯ ಮಣೆಯ ಮೇಲೆ, ಒಲೆಯ ಮೇಲೆ ಒಂದು ಕಣ್ಣಿಟ್ಟುಕೊಂಡು. ನನ್ನ ಪುಸ್ತಕಗಳು ನಡುಮನೆಯ ಗೂಡಿನಲ್ಲಿ ಔಷಧಿ ಬಾಟಲಿಗಳ ಹಿಂದೆ ಇದ್ದವು. "ಎಲ್ಲಾ ಕಡೆ ಕೂರ್ತೀನಲ್ಲಮ್ಮ" ಎಂದೆ. ಅವಳು ನೋಟ್‌ಬುಕ್ಕಿನಲ್ಲಿ ಏನೂ ಬರೆಯದೆ ನನ್ನ ಮುಖವನ್ನೇ ನೋಡಿದಳು.

ಆಮೇಲೆ ಇಬ್ಬರೂ ಟೇಪು ಹಿಡಿದು ಅಂಕಣಗಳ ಲೆಕ್ಕ ಹಾಕಿದೆವು. ಪಡಸಾಲೆ ಮೂರು, ನಡುಮನೆ ಎರಡು, ದೇವರ ಕೋಣೆ ಒಂದು, ಅಡುಗೆಮನೆ ಒಂದು. ಇವು ಏಳು. ಕಣಜದ ಕೋಣೆ ಎರಡು, ಬಾಣಂತಿ ಕೋಣೆ ಒಂದು, ಸೌದೆ ಅಂಕಣ ಒಂದು, ಕೊಟ್ಟಿಗೆ ಒಂದು. ಇವು ಐದು. ಈ ಐದರಲ್ಲಿ ಜನರಿರಲಿಲ್ಲ. ರಾಗಿ ಈಗ ಮೂಟೆಯಲ್ಲಿ ಬರುತ್ತದೆ, ಕಣಜ ಖಾಲಿ. ಗ್ಯಾಸ್ ಬಂದಮೇಲೆ ಸೌದೆ ಅಂಕಣದಲ್ಲಿ ಹಳೆಯ ತಗಡು, ಮುರಿದ ಸೈಕಲ್ಲು. ಕೊನೆಯ ಹಸು ಮಾರಿ ಎಂಟು ವರ್ಷ, ಕೊಟ್ಟಿಗೆಯಲ್ಲಿ ಸ್ಕೂಟರು, ಗೊಬ್ಬರದ ಚೀಲ. ಬಾಣಂತಿ ಕೋಣೆಯಲ್ಲಿ ಹಾಸಿಗೆಗಳ ರಾಶಿ. ಇವಲ್ಲದೆ ಮೇಲೆ ಇಡೀ ಅಟ್ಟ. ಪಡಸಾಲೆಯ ಮೂರರಲ್ಲಿ ಎರಡು ಅಂಕಣ ಬಂದವರಿಗೆಂದು ಇಟ್ಟ ಸೋಫಾ, ದಿವಾನುಗಳದ್ದು. ವರ್ಷದಲ್ಲಿ ಐದಾರು ಸಲ ಬರುವ ನೆಂಟರಿಗೆ ಎರಡು ಅಂಕಣ, ಇಲ್ಲೇ ಇರುವ ಹಿರಿಯ ಜೀವಕ್ಕೆ ನಡುಮನೆಯ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ. ಲೆಕ್ಕ ಮುಗಿದಾಗ ನಮಗೆ ಸಾಲದೆ ಬಂದದ್ದು ಜಾಗವಲ್ಲವೆಂದು ತಿಳಿಯಿತು. ಮನೆಯನ್ನು ಕಟ್ಟಿಸಿದ ಕಾಲದ ಬದುಕಿಗೆ ತಕ್ಕಂತೆ ಜಾಗ ಹಂಚಿಕೆಯಾಗಿತ್ತು. ಬದುಕು ಬದಲಾಗಿತ್ತು, ಹಂಚಿಕೆ ಹಾಗೆಯೇ ಉಳಿದಿತ್ತು.

ಆ ಸಂಜೆ ಅವಳನ್ನು ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಅಣ್ಣತಮ್ಮಂದಿರು ಕಟ್ಟಿಸಿದ ಗುಡಿ. ಬೇಲೂರು, ಹಳೇಬೀಡಿಗೆ ಬರುವಷ್ಟು ಜನ ಇಲ್ಲಿಗೆ ಬರುವುದಿಲ್ಲ. ಅದರಿಂದಾಗಿ ಗುಡಿಯ ಅಂಗಳದಲ್ಲಿ ಕೂತು ನಿಧಾನವಾಗಿ ನೋಡಬಹುದು. ಹೊರಗಿನಿಂದ ನೋಡಿದರೆ ಒಂದೇ ಶಿಖರ. ಒಳಗೆ ಕಾಲಿಟ್ಟರೆ ಮೂರು ಗರ್ಭಗುಡಿ. ಅಕ್ಕಪಕ್ಕದ ಎರಡು ಗರ್ಭಗುಡಿಗಳಿಗೆ ಮೇಲೆ ಶಿಖರವಿಲ್ಲ, ಅವು ಇವೆಯೆಂದು ಹೊರಗೆ ಗೊತ್ತಾಗುವುದೂ ಕಷ್ಟ. ಮೂರು ದೇವರಿಗೂ ಎದುರಾಗಿ ಒಂದೇ ನವರಂಗ. ನವರಂಗವೆಂದರೆ ನಡುವಿನ ನಾಲ್ಕು ಕಂಬಗಳು ಹಂಚಿಕೊಟ್ಟ ಒಂಬತ್ತು ಅಂಕಣ. ನಾನು ಎಷ್ಟೋ ಸಲ ಆ ಕಂಬಗಳ ನುಣುಪು ಮುಟ್ಟಿ ಮೆಚ್ಚಿದ್ದೆ. ಆ ಸಂಜೆ ಮಾತ್ರ ಕಂಬಗಳ ನಡುವಿನ ಜಾಗವನ್ನು ನೋಡಿದೆ. ಎತ್ತರ ಎಲ್ಲಿ ಬೇಕೋ ಅಲ್ಲಿಗಷ್ಟೇ ಕೊಟ್ಟು, ಒಂದೇ ನವರಂಗವನ್ನು ಮೂರು ಗರ್ಭಗುಡಿಗೂ ಹಂಚಿದ ಆ ಕಟ್ಟಡದಲ್ಲಿ ಇಕ್ಕಟ್ಟು ಎಂಬುದು ಎಲ್ಲೂ ಕಾಣಲಿಲ್ಲ.

"ಬೇಲೂರಲ್ಲಿ ಇನ್ನೊಂದು ಇದೆ, ನಿಮಗೆ ಗೊತ್ತಲ್ವಾ?" ಎಂದು ಅವಳು ನೆನಪಿಸಿದಳು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗ ಮೊದಲು ತೆರೆದ ಮಂಟಪವಾಗಿತ್ತು, ನಾಲ್ಕೂ ಕಡೆ ಗಾಳಿ ಬೆಳಕು ಆಡುವ ಹಾಗೆ. ಮುಂದೆ ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಅದಕ್ಕೆ ಮರೆ ಬೇಕಾಯಿತು. ಆಗ ಹೊರಗಿನ ಕಂಬಗಳ ನಡುವಿನ ಬಯಲಿಗೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದರು. ಇಂದು ಪ್ರವಾಸಿಗರು ನಿಂತು ಫೋಟೋ ತೆಗೆಯುವ ಆ ಚೆಲುವಾದ ಕಲ್ಲುಜಾಲರಿಗಳು ಹೀಗೆ ಇದ್ದ ಮಂಟಪವನ್ನೇ ಹೊಸದಾಗಿ ಕಲ್ಪಿಸಿಕೊಂಡಾಗ ಹುಟ್ಟಿದವು. ಮರೆಯೂ ಆಯಿತು, ಬೆಳಕೂ ಸೋಸಿ ಬಂತು. ತಾತ ಕಟ್ಟಿಸಿದ್ದನ್ನು ಮೊಮ್ಮಗ ಕೆಡವಲಿಲ್ಲ, ಹಾಗೆಂದು ಮುಟ್ಟದೆ ಬಿಡಲೂ ಇಲ್ಲ. ಅರಸರ ಮನೆಯ ಈ ವಿವೇಕ ಒಕ್ಕಲ ಮನೆಗೂ ಬರಬಹುದಲ್ಲ ಎನ್ನಿಸಿತು.

ಮಾರನೆಯ ದಿನದಿಂದ ಮನೆ ಖಾಲಿ ಮಾಡಲು ತೊಡಗಿದೆವು. ಮೊದಲು ಅಟ್ಟ. ನಮ್ಮ ಸೀಮೆಯಲ್ಲಿ ಅಟ್ಟವೆಂದರೆ ಕೊಬ್ಬರಿಯ ತವರು. ಚೆನ್ನಾಗಿ ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಸದ್ದು ಬಂದಾಗ ಉಂಡೆ ಕೊಬ್ಬರಿ ಆಯಿತೆಂದು ಅರ್ಥ. ತಿಪಟೂರು, ಅರಸೀಕೆರೆ ಮಾರುಕಟ್ಟೆಗೆ ಹೆಸರು ತಂದ ಕೊಬ್ಬರಿ ಹೀಗೆ ಮನೆಮನೆಯ ನೆತ್ತಿಯ ಮೇಲೆ ಒಣಗಿದ್ದು. ಅಟ್ಟದ ದಬ್ಬೆಗಳ ನಡುವೆ ಬೆರಳಷ್ಟು ಸಂದು ಬಿಡುತ್ತಿದ್ದರು, ಕೆಳಗಿನ ಒಲೆಯ ಹೊಗೆ ಏರಿ ಕಾಯಿಗೆ ಬಿಸಿ ತಾಕಲಿ ಎಂದು.

ಆ ಹೊಗೆಗೆ ಒಂದು ಕಥೆಯಿದೆ. 1980ರ ದಶಕದಲ್ಲಿ ಹಳ್ಳಿಗಳಿಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ವಿಭಾಗದ ವಿಜ್ಞಾನಿಗಳು ಹಳ್ಳಿಯ ಹೆಂಗಸರ ಕಣ್ಣು, ಎದೆಗೂಡು ಉಳಿಯಲೆಂದು ರೂಪಿಸಿದ ಒಲೆ ಅದು. ಒಂದೇ ಉರಿಯಲ್ಲಿ ಮೂರು ಪಾತ್ರೆ ಬೇಯುತ್ತವೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಅತ್ತೆ ಹಾಕಿಸಬೇಕೆಂದಾಗ ಮಾವ ಒಪ್ಪಲಿಲ್ಲ. ಹೊಗೆ ಹೊರಗೆ ಹೋದರೆ ಅಟ್ಟದ ಕೊಬ್ಬರಿಗೆ ಗತಿಯೇನು ಎಂಬುದು ಅವರ ಚಿಂತೆ. "ಹೊಗೆ ಕಾಯಿಗೆ ಬೇಕಾದ್ರೆ ಕಾಯಿಗೆ ಬೇರೆ ಗೂಡು ಕಟ್ಟಿ, ನನ್ನ ಕಣ್ಣಿಗೆ ಬೇಡ" ಎಂದು ಅತ್ತೆ ಪಟ್ಟು ಹಿಡಿದರು. ಒಲೆ ಬಂತು. ಕಾಯಿಗೆ ತೋಟದಲ್ಲಿ ಶೆಡ್ಡು ಎದ್ದಿತು. ಆ ಅಡುಗೆಮನೆ ಅಷ್ಟೇ ಅಗಲ, ಅಷ್ಟೇ ಎತ್ತರ ಉಳಿಯಿತು, ಆದರೆ ನಾನು ಮದುವೆಯಾದ ಹೊಸತರಲ್ಲಿ ಅಳುತ್ತಾ ಮುದ್ದೆ ತೊಳಸಿದ ಅಡುಗೆಮನೆ ಅದಾಗಿರಲಿಲ್ಲ. ಒಂದು ಇಟ್ಟಿಗೆಯ ಜಾಗ ಹೆಚ್ಚಿಸದೆ ಒಂದು ಕೋಣೆಯನ್ನು ಬದಲಾಯಿಸಬಹುದೆಂದು ಈ ಮನೆಯಲ್ಲಿ ಮೊದಲು ತೋರಿಸಿದವರು ಅತ್ತೆ. ನಾವೆಲ್ಲ ಅದನ್ನು ಮರೆತಿದ್ದೆವು.

ಅಟ್ಟದಿಂದ ಇಳಿದದ್ದು ಏನೇನು! ತಾಮ್ರದ ಹಂಡೆ, ಕೊಪ್ಪರಿಗೆ, ಎರಡು ಒನಕೆ, ಮೂರು ಮಂಕರಿ, ಬೀಸುಕಲ್ಲಿನ ಗೂಟ, ಟ್ರಂಕಿನ ತುಂಬಾ ಕಂದಾಯದ ರಸೀತಿ, ನನ್ನ ಮಗ ಮಲಗಿದ್ದ ತೊಟ್ಟಿಲು. ಪ್ರತಿಯೊಂದನ್ನೂ ತೊಟ್ಟಿಯ ಅಂಚಿಗೆ ತಂದಿಟ್ಟು ಅತ್ತೆಯನ್ನು ಕೇಳಿದೆವು. ಅವರೇ ಮೂರು ಗುಂಪು ಮಾಡಿಸಿದರು: ಬಳಸುವುದು, ಬೇರೆಯವರು ಬಳಸುವುದು, ನೆನಪಿಗೆ ಇಡುವುದು. ನೆನಪಿಗೆಂದು ಅವರು ಇಟ್ಟುಕೊಂಡದ್ದು ಒಂದು ಸಣ್ಣ ಅಡಕೆಪೆಟ್ಟಿಗೆ, ತೊಟ್ಟಿಲು, ಒಂದು ಒನಕೆ. ಉಳಿದದ್ದರ ಮೇಲೆ ಅವರಿಗಿಂತ ಹೆಚ್ಚು ಆಸೆ ನಮಗೇ ಇತ್ತು. ಸಾಮಾನುಗಳ ಹೆಸರಿನಲ್ಲಿ ಹಿರಿಯರನ್ನು ನಾವು ಮುಂದೆ ಮಾಡುತ್ತೇವೆ, ಬಿಟ್ಟುಕೊಡಲು ಅವರು ನಮಗಿಂತ ಮೊದಲೇ ಸಿದ್ಧರಿರುತ್ತಾರೆ.

ಬಾಣಂತಿ ಕೋಣೆಯ ಬಾಗಿಲು ತೆಗೆದಾಗ ನನಗೆ ಸ್ವಲ್ಪ ಹೊತ್ತು ಒಳಗೆ ಹೋಗಲಾಗಲಿಲ್ಲ. ನನ್ನ ತವರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರಿಂದ ಎರಡನೆಯ ಬಾಣಂತನ ಇಲ್ಲೇ ಆಯಿತು. ಕಿಟಕಿಯಿಲ್ಲ. ಗಾಳಿ ತಾಗಬಾರದೆಂದು ಬಾಗಿಲು ಸದಾ ಮುಂದೆ ಮಾಡಿರುತ್ತಿತ್ತು. ಒಂದು ಬುಡ್ಡಿದೀಪ, ಕೆಂಡದ ಬಾಂಡ್ಲಿ, ಸಾಂಬ್ರಾಣಿ ಹೊಗೆ. ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯುತ್ತಿದ್ದದ್ದು ಬಾಗಿಲ ಸಂದಿನಲ್ಲಿ ಬೀಳುವ ಗೆರೆಯಷ್ಟು ಬೆಳಕಿನಿಂದ. ಅದು ನನ್ನನ್ನು ಕಾಪಾಡಲೆಂದು ಮಾಡಿದ್ದು, ಅದರಲ್ಲಿ ಪ್ರೀತಿ ಇತ್ತು. ಆದರೂ ಹನ್ನೆರಡು ಅಂಕಣದಲ್ಲಿ ಅತಿ ಕತ್ತಲೆಯದನ್ನು ಹಸುಗೂಸಿಗೂ ಹಡೆದ ತಾಯಿಗೂ ಕೊಟ್ಟಿದ್ದರೆಂಬುದು ನಿಜ. ಅತಿ ಬೆಳಕಿನದು ಬಂದುಹೋಗುವ ಗಂಡಸರ ಪಡಸಾಲೆ. ನಾವು ಅಂದು ಒಂದು ನಿಯಮ ಮಾಡಿಕೊಂಡೆವು: ಬೆಳಕಿರುವ ಕಡೆ ಮನುಷ್ಯರು, ಕತ್ತಲಿರುವ ಕಡೆ ಸಾಮಾನು. ಉಳಿದ ಸಾಮಾನೆಲ್ಲ ಬಾಣಂತಿ ಕೋಣೆಗೆ ಹೋಯಿತು. ಅಕ್ಕಿ, ರಾಗಿ, ಹಂಡೆ, ಹಾಸಿಗೆಗಳಿಗೆ ಕಿಟಕಿ ಬೇಡ. ಒಂದು ಅಂಕಣ ಪೂರಾ ಉಗ್ರಾಣವಾದ ಕೂಡಲೇ ನಾಲ್ಕು ಅಂಕಣ ಬಿಡುಗಡೆಯಾದವು.

ಸೌದೆ ಅಂಕಣಕ್ಕೆ ಅತ್ತೆಯನ್ನು ತರುವುದೆಂದು ಗೊತ್ತಾಯಿತು. ಅದರ ಹಿಂದಿನ ಗೋಡೆಯ ಆಚೆಗೇ ಬಚ್ಚಲುಮನೆ. ಹಂಡೆಯ ಒಲೆಗೆ ಸೌದೆ ಹತ್ತಿರವಿರಲೆಂದು ಹಿಂದಿನವರು ಮಾಡಿದ ಜೋಡಣೆ ಇಂದು ಮುದುಕಿಯ ಕಾಲಿಗೆ ಅನುಕೂಲವಾಯಿತು. ನಡುಗೋಡೆಯಲ್ಲಿ ಒಂದು ಬಾಗಿಲು ಇಟ್ಟು, ಬಚ್ಚಲಿನಲ್ಲಿ ಕೂರುವ ಕಮೋಡು ಹಾಕಿಸಿ, ಹಿಡಿಕೆ ಜಡಿದೆವು. ಕಷ್ಟ ಬಂದದ್ದು ಹೊಸ್ತಿಲಿನ ವಿಷಯದಲ್ಲಿ. ಅಡುಗೆಮನೆಯಿಂದ ಆ ಅಂಕಣಕ್ಕೆ ಒಂದು ಗೇಣಿನ ಹೊಸ್ತಿಲು. ದಿನಾ ತೊಳೆದು ಅರಿಸಿನ ಕುಂಕುಮ ಇಟ್ಟ ಹೊಸ್ತಿಲನ್ನು ಕೀಳುವ ಮಾತು ಆಡಲು ಯಜಮಾನರಿಗೂ ಬಾಯಿ ಬರಲಿಲ್ಲ. ಅತ್ತೆಯೇ ಹತ್ತಿರ ಕರೆದು, "ಅದನ್ನ ಕೀಳ್ಬೇಡ, ಎರಡೂ ಕಡೆ ಮಣ್ಣು ತುಂಬಿ ಇಳಿಜಾರು ಮಾಡು. ಹೊಸ್ತಿಲೂ ಇರತ್ತೆ, ನಾನೂ ಇರ್ತೀನಿ" ಎಂದರು. ಹಾಗೇ ಮಾಡಿದೆವು. ಇಳಿಜಾರಿನ ನಡುವೆ ಹೊಸ್ತಿಲಿನ ನೆತ್ತಿ ಒಂದು ಗೆರೆಯಷ್ಟು ಕಾಣುತ್ತದೆ. ಇಂದಿಗೂ ಅದಕ್ಕೆ ಹೂವಿಡುತ್ತೇನೆ.

ಕಣಜದ ಎರಡು ಅಂಕಣ ಮಗ ಸೊಸೆಗೆ. ಅಲ್ಲಿ ತಂಪಿತ್ತು, ನಿಶ್ಶಬ್ದವಿತ್ತು, ಬೆಳಕಿರಲಿಲ್ಲ. ಊರಿನ ಹಿರಿಯ ಗಾರೆ ಕೆಲಸದವರು ಬಂದು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. ಮೂಲೆಯಿಂದ ಮೂರಡಿ ಬಿಟ್ಟು ಕಿಟಕಿ ತೆಗೆಯಬೇಕು, ತೆಗೆಯುವ ಮೊದಲು ಮೇಲೆ ಕಲ್ಲಿನ ತೊಲೆ ಕೂರಿಸಬೇಕು, ಒಂದು ದಿನಕ್ಕೆ ಒಂದೇ ಕಿಟಕಿ ಎಂದರು. ಎರಡು ಕಿಟಕಿ ಆಯಿತು. ಅಲ್ಲಿ ಮೇಲೆ ಅಟ್ಟವಿಲ್ಲ, ನೇರ ಹೆಂಚು. ಆರು ಮಂಗಳೂರು ಹೆಂಚು ತೆಗೆದು ಆ ಜಾಗಕ್ಕೆ ಗಾಜಿನ ಹೆಂಚು ಹೊದಿಸಿದರು. ಆರು ಹೆಂಚಿಗೆ ಇಡೀ ಕೋಣೆಯ ಬಣ್ಣವೇ ಬದಲಾಯಿತು. ಗಿಲಾವಿಗೆ ಸಿಮೆಂಟು ಹಾಕಿಸೋಣವೆಂದು ಮಗ ಕೇಳಿದಾಗ ಅವರು ತಲೆಯಾಡಿಸಿದರು. "ಮಣ್ಣುಗೋಡೆ ನೆಲದ ತೇವ ಕುಡಿದು ಹೊರಗೆ ಬಿಡ್ತದೆ ಕಣಪ್ಪ. ಮೇಲೆ ಸಿಮೆಂಟು ಬಳಿದ್ರೆ ಒಳಗೇ ಕೊಳೀತದೆ. ಗೋಡೆ ಉಸಿರಾಡ್ಲಿ ಬಿಡು." ಸುಣ್ಣದ ಗಾರೆ ಕಲಸಿ ಮೆತ್ತಿದರು. ಒಣಗಲು ಹೆಚ್ಚು ದಿನ ಹಿಡಿಯಿತು, ಮಳೆಗಾಲ ಕಳೆದರೂ ಒಂದು ಕಡೆಯೂ ಉಬ್ಬಲಿಲ್ಲ.

ಎಲ್ಲವೂ ಎಣಿಸಿದಂತೆ ಆಗಲಿಲ್ಲ. ಅಟ್ಟವನ್ನು ಮಕ್ಕಳ ಓದುವ ಕೋಣೆ ಮಾಡಬೇಕೆಂದಿದ್ದೆವು. ಮಾರ್ಚ್ ಏಪ್ರಿಲಿನಲ್ಲಿ ಹೆಂಚಿನ ಕೆಳಗೆ ಹಗಲು ಕೂರಲಾಗದಷ್ಟು ಸೆಕೆ. ಈಗ ಅದು ರಾತ್ರಿಯ ಜಾಗ, ರಜದಲ್ಲಿ ಬರುವ ಮಕ್ಕಳು ಸಾಲಾಗಿ ಮಲಗುತ್ತಾರೆ. ಒಂದು ಕಂಬದ ಬುಡದಲ್ಲಿ ಗೆದ್ದಲು ಸಿಕ್ಕಿತು. ಸಾಮಾನಿನ ರಾಶಿಯ ಹಿಂದೆ ಅದು ಎಷ್ಟು ವರ್ಷದಿಂದ ತಿನ್ನುತ್ತಿತ್ತೋ. ಮನೆ ಖಾಲಿ ಮಾಡದೆ ಹಿತ್ತಲಲ್ಲಿ ಹೊಸ ರೂಮು ಕಟ್ಟಿದ್ದರೆ ಹಳೆಯ ಮನೆ ಹಿಂದಿನಿಂದ ಕುಸಿಯುತ್ತಾ ಬರುವುದು ನಮಗೆ ತಿಳಿಯುತ್ತಲೇ ಇರಲಿಲ್ಲ. ಒಟ್ಟು ಖರ್ಚು 2.4 ಲಕ್ಷ ರೂಪಾಯಿ, ಅದರಲ್ಲಿ ಹೆಚ್ಚಿನದು ಊರಿನ ಕೈಗಳಿಗೇ ಕೂಲಿಯಾಗಿ ಹೋಯಿತು.

ಕೆಲಸ ನಡೆಯುವಾಗ ತಮ್ಮನ ಮಗಳು ಫ್ರಾನ್ಸಿನ ಒಂದು ಸಂಗತಿ ಹೇಳಿದಳು. ಬೋರ್ಡೋ ಎಂಬ ನಗರದವರು 1996ರಲ್ಲಿ ಲಿಯೋನ್ ಓಕೋಕ್ ಎಂಬ ಒಂದು ಸಾಧಾರಣ ಚೌಕವನ್ನು ಚೆಂದ ಮಾಡಿಕೊಡಿ ಎಂದು ಆನ್ ಲಕಾಟೋನ್, ಝಾನ್ ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿಗಳನ್ನು ಕೇಳಿದರು. ಅವರು ಅಲ್ಲಿ ಹೋಗಿ ಕೂತು, ಸುತ್ತಲಿನ ಜನರೊಡನೆ ಮಾತಾಡಿ, ಮರಗಳ ಕೆಳಗೆ ಮುದುಕರು ಕೂರುವುದನ್ನು, ಆಟವಾಡುವವರನ್ನು ನೋಡಿ, ಈ ಚೌಕ ಆಗಲೇ ಚೆಂದವಾಗಿದೆ ಎಂದು ತೀರ್ಮಾನಿಸಿದರು. ನೆಲಕ್ಕೆ ಹೊಸ ಜಲ್ಲಿ ಹಾಕಿ, ಮರಗಳ ಆರೈಕೆ ಮಾಡಿ, ಆಗಾಗ ಗುಡಿಸಿ, ಬೇರೇನೂ ಬೇಡ ಎಂದು ಬರೆದುಕೊಟ್ಟರು. ಇಂಥ ಕೆಲಸಗಳಿಗಾಗಿ 2021ರಲ್ಲಿ ಅವರಿಬ್ಬರಿಗೂ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆ ಸುದ್ದಿಯನ್ನು ಅವಳು ಫೋನಿನಲ್ಲಿ ಓದಿ ಹೇಳಿದಾಗ ನಮ್ಮ ಗಾರೆ ಕೆಲಸದವರ ಅಂಗೈ ನನಗೆ ನೆನಪಾಯಿತು. ಕಟ್ಟುವ ಮೊದಲು ಮುಟ್ಟಿ ನೋಡುವ ಬುದ್ಧಿ ಎಲ್ಲ ಊರಿನಲ್ಲೂ ಒಂದೇ.

ಹೊಸದಾಗಿ ಕಟ್ಟುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಊರಿನಲ್ಲೇ ಒಂದಂಕಣದ ಗುಡಿಸಲಿನಲ್ಲಿ ಆರು ಜನ ಮಲಗುವ ಮನೆಗಳನ್ನು ಕಂಡಿದ್ದೇನೆ. ಅವರಿಗೆ ಬೇಕಾದದ್ದು ಇನ್ನೊಂದು ಗೋಡೆ, ಇನ್ನೊಂದು ಸೂರು, ಅದು ಇಂದೇ ಬೇಕು. ಶೌಚಾಲಯವಿಲ್ಲದ ಮನೆಗೆ ಶೌಚಾಲಯ ಕಟ್ಟಲೇಬೇಕು. ನಾನು ಮಾತಾಡುತ್ತಿರುವುದು ಜಾಗವಿದ್ದೂ ಇಲ್ಲವೆನ್ನುವ ನಮ್ಮಂಥವರ ವಿಷಯ. ಜಗತ್ತು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸುಣ್ಣಕಲ್ಲನ್ನು ಸುಡುವ ಉರಿಯಿಂದಲೂ, ಸುಡುವಾಗ ಕಲ್ಲೊಳಗಿಂದಲೂ ಅದು ಹೊರಡುತ್ತದೆ. ಮರಳಿಗಾಗಿ ಬರಿದಾದ ಹಳ್ಳಕೊಳ್ಳ, ಜಲ್ಲಿಗಾಗಿ ಸೀಳಿದ ಗುಡ್ಡಗಳನ್ನು ಅರಸೀಕೆರೆ ಸೀಮೆಯವರಿಗೆ ತೋರಿಸಿಕೊಡಬೇಕಿಲ್ಲ. ಬರ ಕಂಡ ನೆಲ ಇದು, ನಿಂತಲ್ಲೇ ಒಣಗಿದ ತೆಂಗಿನ ತೋಟಗಳ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಇದೆ. ಎರಡು ತೆಂಗು, ಒಂದು ನುಗ್ಗೆ, ಮಲ್ಲಿಗೆ ಚಪ್ಪರ ನಮ್ಮ ಹಿತ್ತಲಲ್ಲಿ ಉಳಿದವು. ತೊಟ್ಟಿಯ ಬಾಯಿ ತೆರೆದೇ ಇದೆ. ಮಳೆ ಅದರೊಳಗೆ ಬೀಳುತ್ತದೆ, ಆ ನೀರನ್ನು ಈಗ ಸೋಸಿ ಬಾವಿಗೆ ಇಳಿಸುತ್ತೇವೆ.

ಇನ್ನು ಉಳಿದದ್ದು ಕೊಟ್ಟಿಗೆಯ ಅಂಕಣ. ಮುಂಬಾಗಿಲಿನ ಪಕ್ಕದ್ದು, ನೆಲಕ್ಕೆ ಹಾಸುಗಲ್ಲು, ಗೋಡೆಗೆ ಒರಗಿ ಉದ್ದನೆಯ ಗೋದಲಿ, ಜಗುಲಿಯ ಕಡೆಗೆ ಒಂದು ಅಗಲ ಬಾಗಿಲು. ಸ್ಕೂಟರು ಅಲ್ಲೇ ಇರಲಿ ಎಂದು ಯಜಮಾನರೂ ಮಗನೂ ಅಂದುಕೊಂಡಿದ್ದರು. ಅತ್ತೆ ತಮ್ಮ ಹೊಸ ಕೋಣೆಯ ಮಂಚದ ಮೇಲಿನಿಂದಲೇ, "ಅದು ಅವಳಿಗಿರಲಿ" ಎಂದರು. ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಗೋದಲಿಯನ್ನು ಕೀಳಿಸಲಿಲ್ಲ. ಅದನ್ನು ತೊಳೆದು, ಸುಣ್ಣ ಬಳಿದು, ನನ್ನ ಪುಸ್ತಕಗಳನ್ನು ಅದರಲ್ಲಿ ಸಾಲಾಗಿ ನಿಲ್ಲಿಸಿದೆ. ಹಸುಗಳು ಮೇವಿಗೆ ಕತ್ತು ಚಾಚುತ್ತಿದ್ದ ಎತ್ತರ ಕೂತವರ ಕೈಗೆ ಸರಿಯಾಗಿ ಸಿಗುತ್ತದೆ. ನಮ್ಮೂರ ಹೆಂಗಸರು ಜಗುಲಿಯ ಮೇಲೆ ಕೂರುತ್ತಿರಲಿಲ್ಲ, ಅದು ಗಂಡಸರ ಜಾಗ. ಈಗ ಸಂಜೆ ಐದಕ್ಕೆ ಕೊಟ್ಟಿಗೆಯ ಬಾಗಿಲು ಜಗುಲಿಗೆ ತೆರೆಯುತ್ತದೆ. ಎಂಟು ಹತ್ತು ಹುಡುಗಿಯರು ಚೀಲ ತಂದು ಕೂತು ಓದುತ್ತಾರೆ, ಲೆಕ್ಕ ಬಾರದಿದ್ದರೆ ನನ್ನ ಮಗನನ್ನು ಕರೆಯುತ್ತೇವೆ. ಮನೆಯಲ್ಲಿ ಓದಲು ಜಾಗವಿಲ್ಲ ಎನ್ನುವ ಮಕ್ಕಳು ಅವರು.

ಮನೆ ಸಾಲದು ಎನ್ನಿಸಿದ ದಿನ ನೀವೂ ಅಳತೆ ಟೇಪು ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಪ್ರತಿಯೊಬ್ಬರನ್ನೂ, ಅತಿ ಹಿರಿಯರಿಂದ ಅತಿ ಕಿರಿಯರವರೆಗೆ, ಮುಖ್ಯವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವವರನ್ನು, "ನೀವು ಎಲ್ಲಿ ಕೂರುತ್ತೀರಿ?" ಎಂದು ಕೇಳಿ. ಯಾರ ಬಳಿ ಉತ್ತರವಿಲ್ಲವೋ ಅವರಿಗೆ ಇರುವ ಅಂಕಣಗಳಲ್ಲಿ ಒಂದನ್ನು ಬಿಡಿಸಿಕೊಡಿ. ಆಮೇಲೂ ಜಾಗ ಸಾಲದಿದ್ದರೆ ಕಟ್ಟಿ.